ಕೋಳಿಯಿಲ್ಲದ ಕಾವು



ಕೋಳಿಯ ಮೊಟ್ಟೆಗೆ 21 ದಿನಗಳ ಕಾಲ ತಕ್ಕ ಕಾವು ದೊರೆತರೆ ಅದು ಮರಿಯಾಗುತ್ತದೆಂಬುದು ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೂ ತಿಳಿದಿರುವ ಸಂಗತಿ. ಆದರೆ ಆ ಕಾವನ್ನು ಕೋಳಿಯೇ ಕೊಡಬೇಕೆಂಬ ಕಟ್ಟಳೆ ಪ್ರಕೃತಿಯಲ್ಲಿ ಇಲ್ಲವೆಂಬುದನ್ನು ಮನುಷ್ಯನು ಕಂಡುಕೊಂಡು ಎರಡು ಸಹಸ್ರ ವರ್ಷಗಳಿಗೂ ಮೀರಿದ ಕಾಲವಾಯಿತು. ಗ್ರೀಸ್ ದೇಶದ ತತ್ತ್ವಜ್ಞಾನಿ ಅರಿಸ್ಟಾಟಲನು ಪ್ರಾಣಿಗಳನ್ನು ಕುರಿತ ತನ್ನ ಗ್ರಂಥದಲ್ಲಿ, ಈಜಿಪ್ಟಿನಲ್ಲಿ ಮೊಟ್ಟೆಗಳನ್ನು ಗೊಬ್ಬರದ ರಾಶಿಯಲ್ಲಿ ಹೂತಿಟ್ಟು ಮರಿ ಮಾಡಿಸುತ್ತಾರೆಂದು ಬರೆದಿದ್ದಾನೆ. ಅದೇ ಎಡೆಯಲ್ಲಿ, ಸಿರಾಕ್ಯೂಸ್ ಪಟ್ಟಣದ ಪಾನಪ್ರಿಯನೊಬ್ಬನು ತನ್ನ ಚಾಪೆಯ ಕೆಳಗೆ ಮೊಟ್ಟೆಗಳನ್ನಿಟ್ಟು, ಅವು ಒಡೆದು ಮರಿಯಾಗುವ ತನಕ ಎಡೆಬಿಡದೆ ಕುಡಿಯುತ್ತ ಕುಳಿತಿದ್ದನೆಂಬ ಕಥೆಯನ್ನೂ ಸೇರಿಸಿದ್ದಾನೆ. ರೋಮಿನ ಪ್ಲಿನಿಯ ಬರಹದಲ್ಲಿ ಇದಕ್ಕಿಂತಲೂ ಸೊಗಸಾದ ಪ್ರಸಂಗವೊಂದುಂಟು. ಮುಂದೆ ಚಕ್ರವರ್ತಿಯಾದ ಟೈಬೀರಿಯಸನನ್ನು ಗರ್ಭದಲ್ಲಿ ಹೊತ್ತಿದ್ದ ಲಿವಿಯಾ ಎಂಬ ತರುಣಿಯು, ತನಗೆ ಹುಟ್ಟುವುದು ಗಂಡೋ ಹೆಣ್ಣೋ ಎಂದರಿಯುವ ಕುತೂಹಲದಿಂದ ಮೊಟ್ಟೆಯೊಂದನ್ನು ಎದೆಯಲ್ಲಿ ಬೆಚ್ಚಗಿಟ್ಟುಕೊಂಡಿದ್ದಳಂತೆ. ತಾನು ಅದನ್ನು ಕೆಳಗಿಡಬೇಕಾಗಿ ಬಂದಾಗಲೆಲ್ಲ ಶಾಖವು ಕಡಿಯದಿರಲೆಂದು ದಾದಿಯ ಎದೆಗೆ ಒಪ್ಪಿಸುತ್ತಿದ್ದಳಂತೆ. ಶಕುನದ ಮಾತು ಹೇಗಾದರೂ ಇರಲಿ, ಕಾವು ನಡುವೆ ಕಡಿಯಬಾರದು, ಆದರೆ ಅದು ಇಂಥವರ ಮೈಯಿಂದಲೇ ಬರಬೇಕೆಂಬ ನಿರ್ಬಂಧವಿಲ್ಲ ಎಂಬ ತಿಳಿವಳಿಕೆಯು ಆ ಕಾಲದ ಅಂತಃಪುರದ ಹೆಂಗಸರಿಗೂ ಇದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಈಜಿಪ್ಟಿನವರು ಈ ವಿದ್ಯೆಗಾಗಿ ಹಸಿ ಇಟ್ಟಿಗೆಯ ದೊಡ್ಡ ಕಟ್ಟಡಗಳನ್ನೇ ಕಟ್ಟಿದರು. ನಡುವೆ ಒಂದು ಓಣಿ, ಅದರ ಎರಡೂ ಪಕ್ಕದಲ್ಲಿ ಎರಡೆರಡು ಅಂತಸ್ತಿನ ಕೋಣೆಗಳ ಸಾಲು. ಕೆಳಗಿನ ಅಂತಸ್ತಿನಲ್ಲಿ ಸಾವಿರಾರು ಮೊಟ್ಟೆಗಳನ್ನು ಹರಡಿ, ಮೇಲಿನ ಅಂತಸ್ತಿನಲ್ಲಿ ಬೆರಣಿ ಮತ್ತು ಹುಲ್ಲಿನ ಮಂದವಾದ ಬೆಂಕಿಯನ್ನು ಹೂಡಿ, ಓಣಿಯ ಬಾಗಿಲನ್ನೂ ಮೇಲಿನ ಗವಾಕ್ಷಿಯನ್ನೂ ತೆರೆಯುತ್ತ ಮುಚ್ಚುತ್ತ ಶಾಖವನ್ನು ಹದದಲ್ಲಿಡುವುದು ಅಲ್ಲಿನ ಪದ್ಧತಿ. ಆ ಕೆಲಸಗಾರರ ಬಳಿಯಲ್ಲಿ ಉಷ್ಣಮಾಪಕವೆಂಬುದಿರಲಿಲ್ಲ. ಅವರು ಮೊಟ್ಟೆಯನ್ನೆತ್ತಿ ತಮ್ಮ ಕಣ್ಣಿನ ರೆಪ್ಪೆಗೆ ಒತ್ತಿ ನೋಡುತ್ತಿದ್ದರು. ರೆಪ್ಪೆಯ ತೆಳುವಾದ ಚರ್ಮಕ್ಕೆ ಹಿತವೆನಿಸಿದ್ದೇ ಮೊಟ್ಟೆಗೂ ಹಿತವೆಂಬುದು ಅವರ ಅಳತೆ. ತಂದೆಯಿಂದ ಮಗನಿಗೆ ಇಳಿದುಬಂದ ಈ ಅಳತೆಯ ಬಲದಿಂದಲೇ ಅವರು ಶತಮಾನಗಳ ಕಾಲ ಲಕ್ಷಾಂತರ ಮರಿಗಳನ್ನು ಮಾಡಿಸಿದರು. ಫ್ರಾನ್ಸಿನ ರೇಯೋಮ್ಯೂರ್ ಎಂಬ ವಿಜ್ಞಾನಿ, ಉಷ್ಣಮಾನದ ಒಂದು ಅಳತೆಗೆ ತನ್ನ ಹೆಸರನ್ನೇ ಕೊಟ್ಟ ಮಹನೀಯನು, 1749ರಲ್ಲಿ ಈ ವಿದ್ಯೆಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿ, ಹುದುಗುತ್ತಿರುವ ಗೊಬ್ಬರದಲ್ಲಿ ಪೀಪಾಯಿಗಳನ್ನು ಹೂತು ಅವುಗಳೊಳಗೆ ಮೊಟ್ಟೆಗಳಿಗೆ ಕಾವು ಕೊಡುವ ಬಗೆಯನ್ನು ವಿವರಿಸಿದನು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ವಿದ್ಯೆಯು ಮನೆಯ ಮೂಲೆಯಲ್ಲಿ ಹಿಡಿಸತಕ್ಕ ಪೆಟ್ಟಿಗೆಯ ಪ್ರಮಾಣಕ್ಕೆ ಇಳಿಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಪೆಟಲೂಮಾ ಎಂಬ ಊರಿನಲ್ಲಿ ಲೈಮನ್ ಬೈಸ್ ಎಂಬಾತನು 1879ರಲ್ಲಿ ರಚಿಸಿದ ಪೆಟ್ಟಿಗೆಯ ದೆಸೆಯಿಂದ ಆ ಊರು ಮುಂದೆ ಜಗತ್ತಿನ ಮೊಟ್ಟೆಯ ಬುಟ್ಟಿಯೆಂಬ ಕೀರ್ತಿಯನ್ನೇ ಪಡೆಯಿತು. ಆದರೆ ನನಗೆ ಹೆಚ್ಚು ಗೌರವವಿರುವುದು ಇಂಗ್ಲೆಂಡಿನ ಹಿಯರ್ಸನ್ ಎಂಬಾತನು 1881ರಲ್ಲಿ ಬಳಕೆಗೆ ತಂದ ಒಂದು ಪುಟ್ಟ ಬಿಲ್ಲೆಯ ಮೇಲೆ. ಲೋಹದ ಎರಡು ತೆಳುವಾದ ತಗಡುಗಳ ಅಂಚನ್ನು ಬೆಸೆದು, ನಡುವೆ ಈಥರ್ ಜಾತಿಯ, ಅಂದರೆ ಮೈಯ ಬಿಸುಪಿಗೇ ಆವಿಯಾಗಿಬಿಡುವ ದ್ರವದ ಕೆಲವೇ ಹನಿಗಳನ್ನು ಸೆರೆಹಿಡಿದು ಮಾಡಿದ ಬಿಲ್ಲೆ ಅದು. ಪೆಟ್ಟಿಗೆಯೊಳಗಿನ ಶಾಖವು ಬೇಕಾದ ಮಟ್ಟವನ್ನು ಮುಟ್ಟಿದೊಡನೆ ಹನಿಗಳು ಆವಿಯಾಗಿ ಬಿಲ್ಲೆಯು ಉಬ್ಬುತ್ತದೆ. ಅದರ ಮೇಲೆ ನಿಂತಿರುವ ಕಡ್ಡಿಯು ಎದ್ದು ಒಂದು ಸನ್ನೆಗೋಲನ್ನು ಎತ್ತುತ್ತದೆ. ಸನ್ನೆಗೋಲಿನ ತುದಿಯಲ್ಲಿರುವ ಮುಚ್ಚಳವು ದೀಪದ ಹೊಗೆಗೊಳವೆಯ ಬಾಯಿಂದ ಮೇಲಕ್ಕೆ ಸರಿದು ಹೆಚ್ಚಿನ ಶಾಖವು ಹೊರಕ್ಕೆ ಹೋಗುತ್ತದೆ. ಒಳಗೆ ತಣಿದೊಡನೆ ಆವಿಯು ಮತ್ತೆ ಹನಿಯಾಗಿ, ಬಿಲ್ಲೆಯು ಕುಗ್ಗಿ, ಮುಚ್ಚಳವು ಇಳಿದು, ಶಾಖವು ಮರಳಿ ಮೊಟ್ಟೆಗಳ ಕಡೆಗೆ ತಿರುಗುತ್ತದೆ. ಸೀಮೆಯೆಣ್ಣೆಯ ಒಂದು ದೀಪವನ್ನು ಹಚ್ಚಿಟ್ಟು ಮನೆಯವರೆಲ್ಲ ನಿಶ್ಚಿಂತೆಯಿಂದ ನಿದ್ರೆಮಾಡುವಂತಾದದ್ದು ಈ ಬಿಲ್ಲೆಯ ಪ್ರಸಾದದಿಂದ. ಇಂದಿನ ಪೆಟ್ಟಿಗೆಗಳಲ್ಲಿ ದೀಪದ ಎಡೆಗೆ ವಿದ್ಯುತ್ತಿನ ಬಲ್ಬು ಬಂದಿದೆ, ಬಿಲ್ಲೆಯ ಎಡೆಗೆ ಅಂಕಿಗಳನ್ನು ಮಿನುಗಿಸುವ ತಾಪನಿಯಂತ್ರಕವು ಬಂದಿದೆ, ಗಾಳಿಯಾಡಿಸುವುದಕ್ಕೆ ಅಂಗೈಯಗಲದ ಒಂದು ಫ್ಯಾನೂ ಬಂದಿದೆ. ಥರ್ಮೋಕೋಲ್ ಪೆಟ್ಟಿಗೆಯೊಂದಕ್ಕೆ ಇವಿಷ್ಟನ್ನೂ ಜೋಡಿಸಿ ತಾವೇ ಇನ್‌ಕ್ಯುಬೇಟರ್ ಮಾಡಿಕೊಂಡಿರುವ ಉತ್ಸಾಹಿಗಳು ನಮ್ಮ ತಾಲ್ಲೂಕುಗಳಲ್ಲಿ ಈಗ ವಿರಳವಲ್ಲ.

ಅಂಥದೊಂದು ಪೆಟ್ಟಿಗೆಯನ್ನು ಹಾಸನದ ಕಡೆಯ ಹಳ್ಳಿಯೊಂದರಲ್ಲಿ ಜಗಲಿಯ ಮೇಲಿಟ್ಟು ಅದರ ಗುಣವಿಶೇಷಗಳನ್ನು ನಾನು ವರ್ಣಿಸುತ್ತಿದ್ದಾಗ, ಕಂಬಕ್ಕೆ ಒರಗಿ ಕುಳಿತು ಕೇಳುತ್ತಿದ್ದ ಆ ಮನೆಯ ಅಜ್ಜಿ, "ಅದೆಲ್ಲಾ ಸರಿ ಕಣಪ್ಪಾ, ನಿನ್ನ ಪೆಟ್ಗೇಲಿ ಮೊಟ್ಟೆ ತಿರುವಾಕೋರು ಯಾರು?" ಎಂದು ಕೇಳಿದರು. ಆಕೆಯು ಆಯುಷ್ಯದುದ್ದಕ್ಕೂ ಮಂಕರಿಯಲ್ಲಿ ಹುಲ್ಲು ಹಾಸಿ, ಒಂಬತ್ತೋ ಹನ್ನೊಂದೋ ಮೊಟ್ಟೆಗಳನ್ನಿಟ್ಟು, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಕಬ್ಬಿಣದ ಚೂರನ್ನೂ ಇದ್ದಿಲನ್ನೂ ಒಣಮೆಣಸಿನಕಾಯನ್ನೂ ಜೊತೆಗಿರಿಸಿ ಕೋಳಿಯನ್ನು ಕಾವಿಗೆ ಕೂರಿಸಿದವರು. ಗುಡುಗಿನ ಮಾತು ನಂಬಿಕೆಗೆ ಸೇರಿದ್ದು. ಆದರೆ ತಿರುವಿಹಾಕುವ ಮಾತು ಶಾಸ್ತ್ರಕ್ಕೆ ಸೇರಿದ್ದು. ಮನೆಯಲ್ಲಿ ಮರಿ ಮಾಡಿಸಬೇಕೆಂಬವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ ಎಂದು ನನ್ನ ದೃಢವಾದ ಅಭಿಪ್ರಾಯ. ಏತಕ್ಕೆಂದರೆ ಕೋಳಿಯು ಮೊಟ್ಟೆಗಳ ಮೇಲೆ ಸುಮ್ಮನೆ ಕುಳಿತಿರುವಂತೆ ನಮ್ಮ ಕಣ್ಣಿಗೆ ತೋರಿದರೂ, ಅದು ಗಳಿಗೆ ಗಳಿಗೆಗೂ ಮೈ ಹೊರಳಿಸಿ, ಕೊಕ್ಕಿನಿಂದ ಅಂಚಿನ ಮೊಟ್ಟೆಗಳನ್ನು ನಡುವಿಗೂ ನಡುವಿನವನ್ನು ಅಂಚಿಗೂ ತಳ್ಳುತ್ತ, ಹಗಲಿರುಳೂ ದುಡಿಯುತ್ತಿರುತ್ತದೆ. ಪೆಟ್ಟಿಗೆಯು ಆ ದುಡಿಮೆಯಲ್ಲಿ ಶಾಖವೆಂಬ ಒಂದು ಪಾಲನ್ನು ಮಾತ್ರ ತಾನು ವಹಿಸಿಕೊಳ್ಳುತ್ತದೆ. ಉಳಿದ ಪಾಲೆಲ್ಲವೂ ಪೆಟ್ಟಿಗೆಯ ಯಜಮಾನನದು. ಅದನ್ನು ಆತನು ಕೋಳಿಯನ್ನು ನೋಡಿಯೇ ಕಲಿಯಬೇಕು.

ಮೊಟ್ಟೆಯನ್ನು ತಿರುವದಿದ್ದರೆ ಆಗುವ ಕೇಡೇನೆಂದರೆ, ಹಳದಿಯ ಮೇಲೆ ತೇಲುವ ಎಳೆಯ ಭ್ರೂಣವು ಮೇಲ್ಮುಖವಾಗಿ ಏರಿ ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಅಲ್ಲಿಯೇ ಸಾಯುತ್ತದೆ. ಆದಕಾರಣ ದಿನಕ್ಕೆ ಕಡಮೆಯೆಂದರೆ ಮೂರು ಸಲ, ಸಾಧ್ಯವಾದರೆ ಐದು ಸಲ ಮೊಟ್ಟೆಗಳನ್ನು ಮಗುಚಬೇಕು. ಸಂಖ್ಯೆಯು ಬೆಸವಾಗಿರಬೇಕೆನ್ನುವುದು ಶಾಸ್ತ್ರಕ್ಕಾಗಿಯಲ್ಲ: ಎಲ್ಲಕ್ಕಿಂತ ದೀರ್ಘವಾದ ರಾತ್ರಿಯ ವಿರಾಮದಲ್ಲಿ ಮೊಟ್ಟೆಯು ಒಂದು ದಿನ ಒಂದು ಮಗ್ಗುಲಲ್ಲಿದ್ದರೆ ಮಾರನೆಯ ದಿನ ಇನ್ನೊಂದು ಮಗ್ಗುಲಲ್ಲಿರಲಿ ಎಂಬ ಎಣಿಕೆ ಅಷ್ಟೆ. ಮೆತುವಾದ ಪೆನ್ಸಿಲಿನಿಂದ ಒಂದು ಪಕ್ಕಕ್ಕೆ ಗುಣಿಸುವ ಗುರುತನ್ನೂ ಇನ್ನೊಂದು ಪಕ್ಕಕ್ಕೆ ಸೊನ್ನೆಯನ್ನೂ ಬರೆದಿಟ್ಟರೆ ಲೆಕ್ಕ ತಪ್ಪುವುದಿಲ್ಲ. ಶಾಯಿಯ ಪೆನ್ನು ಸಲ್ಲದು, ಚಿಪ್ಪಿನ ರಂಧ್ರಗಳು ಅದನ್ನು ಒಳಕ್ಕೆ ಹೀರಿಕೊಳ್ಳುತ್ತವೆ. ಕೈಯನ್ನು ತೊಳೆದು ಒರಸಿಕೊಂಡು ಮುಟ್ಟುವುದು ಒಳ್ಳೆಯದು.

ಇನ್ನು ಎಂಥ ಮೊಟ್ಟೆ ಎಂಬ ವಿಚಾರ. ಅಂಗಡಿಯ ಬಿಳಿಯ ಮೊಟ್ಟೆಗಳನ್ನು ತಂದು ಪೆಟ್ಟಿಗೆಯಲ್ಲಿಟ್ಟು ಮರಿಗಾಗಿ ಕಾಯುವವರನ್ನು ಕಂಡು ನನಗೆ ಮರುಕವಾಗುತ್ತದೆ. ಪಂಜರದ ಸಾಲುಗಳಲ್ಲಿ ಸಾಕಿದ ಆ ಹೇಟೆಗಳು ಹುಂಜದ ಮುಖವನ್ನೇ ಕಂಡಿರುವುದಿಲ್ಲ; ಅವುಗಳ ಮೊಟ್ಟೆಯಲ್ಲಿ ಜೀವದ ಬೀಜವೇ ಇರದು. ಎಂಟು ಹತ್ತು ಹೇಟೆಗಳಿಗೆ ಒಂದು ಗಟ್ಟಿಮುಟ್ಟಾದ ಹುಂಜವಿರುವ ಮನೆಯಿಂದ, ನಾಟಿಯದೋ, ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜದ ಜಾತಿಯದೋ, ತೀರ ದೊಡ್ಡದೂ ಅಲ್ಲದ ತೀರ ಚಿಕ್ಕದೂ ಅಲ್ಲದ, ಬಿರುಕಿಲ್ಲದ ಮೊಟ್ಟೆಗಳನ್ನು ಆರಿಸಿ ತರಬೇಕು. ಮೊಟ್ಟೆಗೆ ಕೊಂಚ ಕೊಳೆ ಅಂಟಿದ್ದರೆ ಒಣಬಟ್ಟೆಯಿಂದ ಒರಸಬಹುದೇ ಹೊರತು ತೊಳೆಯಬಾರದು. ಇಡುವಾಗ ಚಿಪ್ಪಿನ ಮೇಲೆ ಹರಡಿ ಒಣಗಿದ ತೆಳುವಾದ ಪೊರೆಯೊಂದು ರೋಗಾಣುಗಳನ್ನು ಹೊರಗೆ ತಡೆದು ನಿಲ್ಲಿಸಿರುತ್ತದೆ, ತೊಳೆದರೆ ಅದು ಹೋಗಿಬಿಡುತ್ತದೆ.

ಇಲ್ಲಿ ನನ್ನನ್ನು ಸದಾ ಬೆರಗುಗೊಳಿಸುವ ಸಂಗತಿಯೊಂದನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಕೋಳಿಯು ಮೊಟ್ಟೆಯನ್ನು ಇಡುವ ವೇಳೆಗೆ ಅದರೊಳಗಿನ ಜೀವವು ಆಗಲೇ ಪಯಣ ಹೊರಟಾಗಿರುತ್ತದೆ. ತಾಯಿಯ ಒಡಲಿನ ನಾಳದಲ್ಲಿ ಮೊಟ್ಟೆಯು ಕಳೆಯುವ ಒಂದು ದಿನದಷ್ಟು ಕಾಲದಲ್ಲಿ ಬೀಜಾಣುವು ಒಡೆದು, ಒಡೆದು, ಸಾವಿರಾರು ಕಣಗಳ ಒಂದು ಬಿಳಿಯ ಚುಕ್ಕೆಯಾಗಿರುತ್ತದೆ. ಹೊರಗಿನ ತಂಪಿಗೆ ಬಂದೊಡನೆ ಆ ಚುಕ್ಕೆಯು ಬೆಳೆಯುವುದನ್ನು ನಿಲ್ಲಿಸಿ, ಸಾಯದೆ, ಸುಮ್ಮನೆ ಕಾದುಕೊಂಡಿರುತ್ತದೆ. ಹತ್ತು ದಿನಗಳ ಕಾಲ ಒಂದೊಂದಾಗಿ ಮೊಟ್ಟೆಗಳನ್ನಿಟ್ಟ ಕೋಳಿಗೆ ಎಲ್ಲ ಮರಿಗಳೂ ಒಂದೇ ದಿನ ಹುಟ್ಟುವುದರ ಗುಟ್ಟು ಇದೇ. ಆದರೆ ಈ ನಿದ್ರೆ ಉಳಿಯಬೇಕಾದರೆ ತಂಪು ಬೇಕು. 20 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲೆ ಹೋದರೆ ಚುಕ್ಕೆಯು ಅರೆಬರೆಯಾಗಿ ಎಚ್ಚೆತ್ತು, ಬೆಳೆಯಲಾರದೆ ನಿಲ್ಲಲೂ ಆರದೆ ಕ್ಷೀಣಿಸುತ್ತದೆ. ನಮ್ಮ ಬಯಲುಸೀಮೆಯ ಬೇಸಗೆಯಲ್ಲಿ ಹೊರಗಿಟ್ಟ ಮೊಟ್ಟೆಗಳಲ್ಲಿ ಬಹುಭಾಗ ಮರಿಯಾಗದಿರುವುದಕ್ಕೆ ಇದೇ ಕಾರಣ. ಶೈತ್ಯಪೆಟ್ಟಿಗೆಯ ಚಳಿ ಅತಿಯಾಯಿತು, ಅದು ಚುಕ್ಕೆಯನ್ನು ಕೊಲ್ಲಲೂಬಹುದು. 13ರಿಂದ 18 ಡಿಗ್ರಿಯ ತಂಪೇ ಇದಕ್ಕೆ ಪ್ರಶಸ್ತವಾದದ್ದು. ಒದ್ದೆಮರಳಿನಲ್ಲಿ ಹೂತ ಮಣ್ಣಿನ ಮಡಕೆಯಲ್ಲಿ, ಚೂಪಾದ ತುದಿ ಕೆಳಗಾಗಿ ಮೊಟ್ಟೆಗಳನ್ನಿಟ್ಟು ಮೇಲೆ ತೆಳುವಾದ ಬಟ್ಟೆ ಮುಚ್ಚುವುದು ನಮ್ಮ ಹಳ್ಳಿಯ ಮನೆಗಳಲ್ಲಿ ಸಾಧ್ಯವಾದ ಉಪಾಯ. ಒಂದು ವಾರಕ್ಕಿಂತ ಹಳೆಯ ಮೊಟ್ಟೆಗಳನ್ನು ಇಡದಿರುವುದು ಲೇಸು. ಮಳೆಗಾಲ ಮುಗಿದ ಮೇಲಿನಿಂದ ಶಿವರಾತ್ರಿಯ ತನಕದ ತಂಪಿನ ತಿಂಗಳುಗಳೇ ಈ ಕಾರ್ಯಕ್ಕೆ ಶ್ರೇಷ್ಠವಾದ ಕಾಲ.

ಪೆಟ್ಟಿಗೆಯನ್ನು ಬಿಸಿಲು ಬೀಳದ, ಗಾಳಿಯ ಸುಳಿ ಹೊಡೆಯದ ಒಳಕೋಣೆಯಲ್ಲಿಟ್ಟು, ಮೊಟ್ಟೆಗಳನ್ನಿಡುವುದಕ್ಕೆ ಒಂದು ದಿನ ಮುಂಚಿತವಾಗಿಯೇ ಚಾಲೂಮಾಡಿ, ಶಾಖವು ಸ್ಥಿರವಾಗಿ ನಿಲ್ಲುವುದನ್ನು ಕಣ್ಣಾರೆ ನೋಡಿಕೊಳ್ಳಬೇಕು. ಫ್ಯಾನಿರುವ ಪೆಟ್ಟಿಗೆಯಲ್ಲಿ 99.5 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೆಲ್ಸಿಯಸ್ಸಿನಲ್ಲಿ 37.5 ಡಿಗ್ರಿ ಶಾಖವಿರಬೇಕು. ಫ್ಯಾನಿಲ್ಲದ ಪೆಟ್ಟಿಗೆಯಲ್ಲಿ ಬಿಸಿಗಾಳಿಯು ಮೇಲೂ ತಂಪುಗಾಳಿಯು ಕೆಳಗೂ ನಿಲ್ಲುವುದರಿಂದ, ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ ಉಷ್ಣಮಾಪಕವನ್ನಿಟ್ಟು ಅಲ್ಲಿ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ತೋರುವಂತೆ ಹೊಂದಿಸಬೇಕು. ಅಗ್ಗದ ತಾಪನಿಯಂತ್ರಕದ ಅಂಕಿಯನ್ನು ಕಣ್ಣುಮುಚ್ಚಿ ನಂಬುವುದು ಅಪಾಯಕರ. ವೈದ್ಯರು ಜ್ವರ ನೋಡುವ ಉಷ್ಣಮಾಪಕದೊಡನೆ ಅದನ್ನು ಒಮ್ಮೆ ತಾಳೆನೋಡುವುದು ಪ್ರತಿಯೊಬ್ಬನೂ ಮಾಡಬೇಕಾದ ಕೆಲಸ. ಒಂದು ಡಿಗ್ರಿಯ ಅಂತರವು ನಮ್ಮ ಮೈಗೆ ಏನೂ ಅಲ್ಲ. ಮೊಟ್ಟೆಗೆ ಅದು ಮೂರು ವಾರಗಳ ಉದ್ದಕ್ಕೂ ಸೇರುತ್ತ ಹೋಗಿ, ಮರಿಗಳು ಒಂದು ದಿನ ಮುಂಚೆ ಬಲಹೀನವಾಗಿಯೋ, ಒಂದು ದಿನ ತಡವಾಗಿ ಹೊಟ್ಟೆಯುಬ್ಬಿಯೋ ಹುಟ್ಟುವಂತೆ ಮಾಡುತ್ತದೆ.

ಕರೆಂಟು ಹೋದರೆ ಗತಿಯೇನೆಂಬ ಭೀತಿ ನಮ್ಮ ನಾಡಿನಲ್ಲಿ ಎಲ್ಲರಿಗೂ ಸಹಜ. ಈ ವಿಷಯದಲ್ಲಿ ನಾನು ಧೈರ್ಯವನ್ನೇ ಹೇಳಬಲ್ಲೆ. ಕೋಳಿಯು ಕೂಡ ದಿನಕ್ಕೊಮ್ಮೆ ಮೇವಿಗೂ ನೀರಿಗೂ ಎದ್ದು ಹೋಗಿ ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ಮೊಟ್ಟೆಗಳನ್ನು ಆರಲು ಬಿಡುತ್ತದೆ. ತಂಪನ್ನು ತಕ್ಕಮಟ್ಟಿಗೆ ತಾಳಿಕೊಳ್ಳುವ ಶಕ್ತಿ ಭ್ರೂಣಕ್ಕೆ ಉಂಟು. ಪೆಟ್ಟಿಗೆಯನ್ನು ತೆರೆಯದೆ, ಗಾಳಿಯ ತೂತುಗಳನ್ನು ಮಾತ್ರ ಬಿಟ್ಟು, ಮೇಲೆ ಕಂಬಳಿ ಹೊದಿಸಿಬಿಟ್ಟರೆ ಒಂದೆರಡು ಗಂಟೆಯ ಅಂಧಕಾರವು ಪೂರ್ತಿ ನಾಶವನ್ನೇನೂ ತರದು. ಹೆಚ್ಚು ಹೊತ್ತಾದರೆ ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಡಬಹುದು. ನಿಜವಾದ ವೈರಿಯು ತಂಪಲ್ಲ, ಅತಿಶಾಖ. ಕೆಲವೇ ಗಂಟೆಗಳ ಕಾಲ 105 ಡಿಗ್ರಿ ಫ್ಯಾರನ್‌ಹೀಟನ್ನು ದಾಟಿದ ಶಾಖವು ಇಡೀ ತಂಡವನ್ನೇ ಮುಗಿಸಿಬಿಡಬಲ್ಲುದು. ಅದರಲ್ಲಿಯೂ ಕೊನೆಯ ವಾರದಲ್ಲಿ ಬೆಳೆದ ಮರಿಗಳ ಮೈಯಿಂದಲೇ ಶಾಖವು ಹೊಮ್ಮುತ್ತಿರುವುದರಿಂದ ಯಜಮಾನನ ಕಣ್ಣು ಆಗ ಹೆಚ್ಚು ಚುರುಕಾಗಿರತಕ್ಕದ್ದು.

ಶಾಖದಷ್ಟೇ ಮುಖ್ಯವಾದರೂ ನಾವು ಬೇಗನೆ ಮರೆತುಬಿಡುವ ಅಂಶವೆಂದರೆ ತೇವ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಅವುಗಳ ಮೂಲಕ ಭ್ರೂಣವು ಪ್ರಾಣವಾಯುವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಅವುಗಳ ಮೂಲಕವೇ ಮೊಟ್ಟೆಯ ನೀರು ಆವಿಯಾಗಿ ಹೊರಕ್ಕೆ ಹೋಗುತ್ತದೆ. ಮೊದಲ 18 ದಿನಗಳಲ್ಲಿ ಮೊಟ್ಟೆಯ ತೂಕದಲ್ಲಿ ನೂರಕ್ಕೆ ಸುಮಾರು 12 ಪಾಲು ಕಡಮೆಯಾಗಬೇಕು. ಆ ಎಡೆಯನ್ನು ತುಂಬುವುದಕ್ಕೆ ಅಗಲವಾದ ತುದಿಯ ವಾಯುಕೋಶವು ದಿನೇ ದಿನೇ ಹಿಗ್ಗುತ್ತ ಹೋಗುತ್ತದೆ. ಹುಟ್ಟುವ ಮುನ್ನ ಮರಿಯು ತನ್ನ ಮೊದಲನೆಯ ಉಸಿರನ್ನು ಎಳೆಯುವುದು ಈ ಕೋಶದಿಂದ. ಪೆಟ್ಟಿಗೆಯಲ್ಲಿ ತೇವ ಹೆಚ್ಚಿದರೆ ಕೋಶವು ಹಿಗ್ಗದೆ ಮರಿಯು ಒಳಗೇ ನೀರು ಕುಡಿದು ಸಾಯುತ್ತದೆ, ಕಡಮೆಯಾದರೆ ಪೊರೆಯು ಒಣಗಿ ಬಿಗಿಯುತ್ತದೆ. ಮೊದಲ 18 ದಿನ ನೂರಕ್ಕೆ 50ರಿಂದ 55ರಷ್ಟೂ, ಕೊನೆಯ ಮೂರು ದಿನ 65ರಿಂದ 70ರಷ್ಟೂ ತೇವವಿರುವಂತೆ, ಪೆಟ್ಟಿಗೆಯ ತಳದ ತಟ್ಟೆಯಲ್ಲಿ ನೀರಿನ ಹರವನ್ನು ಹಿಗ್ಗಿಸಿ ಕುಗ್ಗಿಸಿ ಹದನೋಡಬೇಕು. ತೇವವನ್ನು ನಿರ್ಣಯಿಸುವುದು ನೀರಿನ ಆಳವಲ್ಲ, ಅದರ ಹರವು. ಮಂಗಳೂರಿನ ಕರಾವಳಿಯ ಗಾಳಿಗೂ ರಾಯಚೂರಿನ ಗಾಳಿಗೂ ಇರುವ ಅಂತರವನ್ನು ನೆನೆದರೆ, ಒಬ್ಬರ ಮನೆಯ ಲೆಕ್ಕವು ಇನ್ನೊಬ್ಬರ ಮನೆಗೆ ಹೊಂದದೆಂಬುದು ಸ್ಪಷ್ಟವಾಗುತ್ತದೆ. ಆದ್ದರಿಂದ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಅಂಕಿಗಿಂತ ಹೆಚ್ಚಾಗಿ ವಾಯುಕೋಶವನ್ನೇ ನೋಡಿರಿ.

ಅದನ್ನು ನೋಡುವ ಬಗೆಯಾದರೂ ಹೇಗೆ? ಏಳನೆಯ ದಿನದ ರಾತ್ರಿ ಕೋಣೆಯ ದೀಪವನ್ನಾರಿಸಿ, ರಟ್ಟಿನ ತುಂಡೊಂದಕ್ಕೆ ಮೊಟ್ಟೆಗಿಂತ ಕಿರಿದಾದ ತೂತು ಕೊರೆದು, ಅದರ ಹಿಂದಿನಿಂದ ಟಾರ್ಚು ಹಿಡಿದು, ಮೊಟ್ಟೆಯ ಅಗಲವಾದ ತುದಿಯನ್ನು ತೂತಿಗೆ ಒತ್ತಬೇಕು. ಚಿಪ್ಪು ನಸುಗೆಂಪಾಗಿ ಬೆಳಗುತ್ತದೆ. ಮೇಲ್ತುದಿಯಲ್ಲಿ ವಾಯುಕೋಶದ ಗೆರೆ ಸ್ಪಷ್ಟವಾಗಿರುತ್ತದೆ. ಅದರ ಕೆಳಗೆ ಒಂದು ಕಪ್ಪು ಬಿಂದು, ಆ ಬಿಂದುವಿನಿಂದ ಎಳೆಯ ಸಸಿಯ ಬೇರುಗಳಂತೆ ಸುತ್ತಲೂ ಹರಡಿದ ಕೆಂಪು ರಕ್ತನಾಳಗಳು. ಮೊಟ್ಟೆಯನ್ನು ಅಲುಗಿಸದೆ ಕೊಂಚ ಹೊತ್ತು ನೋಡುತ್ತಿದ್ದರೆ ಆ ಬಿಂದುವು ತಾನಾಗಿ ಮಿಸುಕುವುದು ಕಾಣುತ್ತದೆ. ದಿನಕ್ಕೊಂದರಂತೆ ಮೊಟ್ಟೆಗಳನ್ನು ಒಡೆದು ನೋಡಿದ ಅರಿಸ್ಟಾಟಲನು, ಮೂರು ಹಗಲು ಮೂರು ಇರುಳು ಕಳೆದ ಮೇಲೆ ಬಿಳಿಯ ಲೋಳೆಯಲ್ಲಿ ರಕ್ತದ ಚುಕ್ಕೆಯೊಂದು ಪ್ರಾಣವುಳ್ಳದ್ದರಂತೆ ಮಿಡಿಯುವುದೆಂದೂ ಅದೇ ಹೃದಯವೆಂದೂ ಬರೆದನು. ಹದಿನೇಳನೆಯ ಶತಮಾನದಲ್ಲಿ ಇಟಲಿಯ ಮಾಲ್ಪೀಗಿಯು ಸೂಕ್ಷ್ಮದರ್ಶಕವನ್ನಿಟ್ಟು ಅದೇ ಕೋಳಿಯ ಮೊಟ್ಟೆಯಲ್ಲಿ ಅದೇ ದಿನಗಳನ್ನು ಮತ್ತೆ ಪರಿಶೀಲಿಸಿದನು. ಜೀವಶಾಸ್ತ್ರದ ಅಷ್ಟು ದೊಡ್ಡ ಅಧ್ಯಾಯವನ್ನು ಚಿಪ್ಪನ್ನು ಒಡೆಯದೆಯೇ, ಒಂದು ಟಾರ್ಚಿನ ಬೆಳಕಿನಲ್ಲಿ ಮನೆಯ ಮಕ್ಕಳು ನೋಡಬಹುದಾದರೆ, ಆ ಒಂದು ರಾತ್ರಿಗಾಗಿಯೇ ಈ ಪೆಟ್ಟಿಗೆಯನ್ನು ಮನೆಗೆ ತರಬಹುದೆಂದು ನಾನು ಹೇಳುತ್ತೇನೆ. ಏನೂ ಕಾಣದೆ ಬರಿಯ ಬೆಳಕು ಹಾಯುವ ಗೊಡ್ಡು ಮೊಟ್ಟೆಗಳನ್ನೂ, ನಾಳಗಳಿಲ್ಲದೆ ರಕ್ತದ ಒಂದು ಉಂಗುರ ಮಾತ್ರ ಕಾಣುವ ಸತ್ತ ಮೊಟ್ಟೆಗಳನ್ನೂ ಅಂದೇ ತೆಗೆದುಬಿಡಬೇಕು. ಅವು ಒಳಗೇ ಕೊಳೆತು ಸಿಡಿದರೆ ಉಳಿದವಕ್ಕೂ ಕೇಡು.

ಹದಿನೆಂಟನೆಯ ದಿನ ತಿರುವುವುದನ್ನು ನಿಲ್ಲಿಸಿ, ನೀರಿನ ಹರವನ್ನು ಹೆಚ್ಚಿಸಿ, ಮುಚ್ಚಳವನ್ನು ಮುಚ್ಚಬೇಕು. ಇಲ್ಲಿಂದ ಮುಂದಿನ ಮೂರು ದಿನಗಳು ಪೆಟ್ಟಿಗೆಗಿಂತ ಯಜಮಾನನಿಗೇ ಕಠಿಣವಾದವು. ಒಳಗೆ ನಡೆಯುವುದೇನೆಂದರೆ, ಮರಿಯು ತಲೆಯನ್ನು ಬಲರೆಕ್ಕೆಯ ಕೆಳಗೆ ತಂದು ಕೊಕ್ಕನ್ನು ವಾಯುಕೋಶದ ಕಡೆಗೆ ತಿರುಗಿಸಿಕೊಂಡು, ಹತ್ತೊಂಬತ್ತು ಇಪ್ಪತ್ತನೆಯ ದಿನಗಳ ಸುಮಾರಿಗೆ ಒಳಪೊರೆಯನ್ನು ಚುಚ್ಚಿ ಕೋಶದೊಳಗಿನ ಗಾಳಿಯನ್ನು ಉಸಿರಾಡತೊಡಗುತ್ತದೆ. ಆಗ ಚಿಪ್ಪಿನೊಳಗಿನಿಂದಲೇ ಅದರ ಚಿಂವ್ ಚಿಂವ್ ಶಬ್ದ ನಮಗೆ ಕೇಳಿಬರುತ್ತದೆ. ಕಾವಿಗೆ ಕೂತ ಕೋಳಿಯು ಆ ಶಬ್ದಕ್ಕೆ ಮೆಲ್ಲಗೆ ಗೊಣಗಿ ಉತ್ತರ ಕೊಡುತ್ತದೆ. ಲಾವಕ್ಕಿಗಳ ಮೊಟ್ಟೆಗಳಲ್ಲಿ ಅಕ್ಕಪಕ್ಕದ ಮರಿಗಳು ಒಂದರ ಸದ್ದನ್ನೊಂದು ಕೇಳಿ, ಹಿಂದುಳಿದವು ಅವಸರಿಸಿ, ಎಲ್ಲವೂ ಹೆಚ್ಚುಕಡಮೆ ಒಟ್ಟಿಗೆ ಹೊರಬರುತ್ತವೆಂಬುದನ್ನು ವಿಜ್ಞಾನಿಗಳು ಪ್ರಯೋಗಗಳಿಂದ ತೋರಿಸಿದ್ದಾರೆ. ಮರಿಯ ಕೊಕ್ಕಿನ ತುದಿಯಲ್ಲಿ ಬಿಳಿಯ ಗಡುಸಾದ ಒಂದು ಪುಟ್ಟ ಮುಳ್ಳಿರುತ್ತದೆ. ಈ ಒಂದು ಕಾರ್ಯಕ್ಕೆಂದೇ ಮೂಡಿ ಹುಟ್ಟಿದ ಕೆಲವೇ ದಿನಗಳಲ್ಲಿ ಉದುರಿಹೋಗುವ ಆ ಮುಳ್ಳಿನಿಂದ ಅದು ಚಿಪ್ಪಿಗೆ ನಕ್ಷತ್ರಾಕಾರದ ಮೊದಲನೆಯ ಬಿರುಕನ್ನು ಹಾಕುತ್ತದೆ. ಆಮೇಲೆ ಸ್ತಬ್ಧವಾಗುತ್ತದೆ. ಆರು ಗಂಟೆ ಕಳೆದರೂ, ಹನ್ನೆರಡು ಗಂಟೆ ಕಳೆದರೂ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತಾದರೂ ಮರಿಯು ಮುಂದುವರಿಯದು.

ಅನನುಭವಿಯ ಕೈಗಳು ನವೆಯುವುದು ಈ ಗಳಿಗೆಯಲ್ಲಿ. ಪಾಪ, ಮರಿಗೆ ಶಕ್ತಿ ಸಾಲದಾಗಿದೆ, ಚಿಪ್ಪನ್ನು ಸ್ವಲ್ಪ ಬಿಡಿಸಿಕೊಡೋಣವೆಂದು ಮುಚ್ಚಳ ತೆರೆಯುವವರ ದಯೆಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಆ ದಯೆಯು ಮರಿಯನ್ನು ಕೊಲ್ಲುತ್ತದೆಂದು ಸ್ಪಷ್ಟವಾಗಿ ಹೇಳಲೇಬೇಕು. ಹೊರಗಿನಿಂದ ನಿಶ್ಚಲವಾಗಿ ಕಾಣುವ ಈ ಹೊತ್ತಿನಲ್ಲಿ ಮರಿಯು ಎರಡು ಮಹತ್ಕಾರ್ಯಗಳನ್ನು ನಡೆಸುತ್ತಿರುತ್ತದೆ. ಚಿಪ್ಪಿನ ಒಳಮೈಗೆ ಹರಡಿಕೊಂಡು ಇಷ್ಟು ದಿನ ಉಸಿರಾಟವನ್ನು ನಡೆಸಿದ ರಕ್ತನಾಳಗಳಿಂದ ರಕ್ತವನ್ನೆಲ್ಲ ತನ್ನ ಮೈಯೊಳಕ್ಕೆ ಹಿಂದೆಗೆದುಕೊಳ್ಳುವುದು ಒಂದು. ಉಳಿದ ಹಳದಿಯ ಚೀಲವನ್ನು ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಸೇರಿಸಿಕೊಳ್ಳುವುದು ಮತ್ತೊಂದು. ಇವು ಮುಗಿಯುವ ಮುನ್ನ ನಾವು ಚಿಪ್ಪನ್ನು ಬಿಡಿಸಿದರೆ ನಾಳಗಳು ಹರಿದು ರಕ್ತ ಸುರಿಯುತ್ತದೆ, ಚೀಲವು ಹೊರಗೇ ಉಳಿಯುತ್ತದೆ. ಹರಿಯದೆ ಉಳಿದರೂ, ಮುಚ್ಚಳವನ್ನು ತೆರೆದೊಡನೆ ತೇವವು ಹಾರಿಹೋಗಿ ಇನ್ನೂ ಒಳಗಿರುವ ಮರಿಗಳ ಸುತ್ತ ಪೊರೆಯು ಒಣಗಿ ಬಿಗಿದುಕೊಳ್ಳುತ್ತದೆ. ಒಂದಕ್ಕೆ ನೆರವಾಗಲು ಹೋಗಿ ಐದನ್ನು ಸೆರೆಯಲ್ಲಿಟ್ಟಂತಾಗುತ್ತದೆ. ಕೆಲಸ ಮುಗಿದ ಮೇಲೆ ಮರಿಯು ತಾನಾಗಿಯೇ ಎದ್ದು, ಕಾಲುಗಳನ್ನು ಊರಿ ಮೈಯನ್ನು ಸ್ವಲ್ಪಸ್ವಲ್ಪವಾಗಿ ತಿರುಗಿಸುತ್ತ, ಅಗಲವಾದ ತುದಿಯ ಸುತ್ತಲೂ ಚಿಪ್ಪನ್ನು ವರ್ತುಲವಾಗಿ ಕತ್ತರಿಸಿ, ತಲೆಯಿಂದ ಟೋಪಿಯನ್ನು ನೂಕಿ ಹೊರಕ್ಕೆ ಬೀಳುತ್ತದೆ. ಒದ್ದೆಯಾಗಿ, ಸೋತು, ನೋಡುವುದಕ್ಕೆ ಅಂದವಾಗಿಯೂ ಇಲ್ಲದ ಆ ಜೀವವನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟರೆ ಕೆಲವು ಗಂಟೆಗಳಲ್ಲಿ ಒಣಗಿ ನಯವಾದ ಹೂಮರಿಯಾಗುತ್ತದೆ. ಹಸಿವೆಯಿಂದ ಸಾಯುವುದೆಂಬ ಅಂಜಿಕೆ ಬೇಡ. ಹೊಟ್ಟೆಯೊಳಗೆ ಸೇರಿದ ಹಳದಿಯು ಎರಡು ದಿನಗಳಿಗೆ ಸಾಕಾಗುವಷ್ಟು ಬುತ್ತಿ. ದಿನದ ಮರಿಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ದೂರದ ಊರುಗಳಿಗೆ ಕಳುಹಿಸಲು ಸಾಧ್ಯವಾಗಿರುವುದೂ ಈ ಬುತ್ತಿಯಿಂದಲೇ.

ಮರಿಯಾದ ಮೇಲಿನ ಆರೈಕೆಯ ವಿಷಯ ಪ್ರತ್ಯೇಕವಾದ ಭಾಷಣಕ್ಕೆ ತಕ್ಕದ್ದು, ಮುಖ್ಯವಾದುದನ್ನಷ್ಟೆ ಹೇಳುತ್ತೇನೆ. ಮೊದಲ ವಾರದಲ್ಲಿ ಬಲ್ಬಿನ ಕೆಳಗೆ 95 ಡಿಗ್ರಿ ಫ್ಯಾರನ್‌ಹೀಟ್ ಶಾಖವಿಟ್ಟು, ವಾರಕ್ಕೆ ಐದೈದು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಇಲ್ಲಿ ಉಷ್ಣಮಾಪಕಕ್ಕಿಂತ ಮರಿಗಳೇ ಒಳ್ಳೆಯ ಸಾಕ್ಷಿಗಳು: ಬಲ್ಬಿನ ಕೆಳಗೆ ಒಂದರ ಮೇಲೊಂದು ಮುತ್ತಿ ಅರಚುತ್ತಿದ್ದರೆ ಚಳಿ, ಗೋಡೆಯಂಚಿಗೆ ಸರಿದು ಬಾಯಿ ತೆರೆದಿದ್ದರೆ ಸೆಕೆ, ಎಲ್ಲೆಡೆಯೂ ಹರಡಿ ಆಡುತ್ತಿದ್ದರೆ ಹದ. ನುಣುಪಾದ ಕಾಗದದ ಮೇಲೆ ಕಾಲು ಜಾರಿ ತೊಡೆ ಅಗಲಿಬಿಡುವುದರಿಂದ ಮೊದಲ ದಿನಗಳಲ್ಲಿ ಗೋಣಿಯನ್ನೋ ಒರಟು ಬಟ್ಟೆಯನ್ನೋ ಹಾಸುವುದು ಅಗತ್ಯ. ಮೊದಲು ನೀರು, ಆಮೇಲೆ ನುಚ್ಚು. ಒಂದೊಂದರ ಕೊಕ್ಕನ್ನೂ ನೀರಿಗೆ ಮುಟ್ಟಿಸಿ ತೋರಿಸಬೇಕು, ತಾಯಿಯಿಲ್ಲದ ಮರಿಗೆ ನೀರೆಂದರೇನೆಂದು ಹೇಳಿಕೊಡುವವರು ಬೇರೆ ಯಾರೂ ಇಲ್ಲ. ಐದರಿಂದ ಏಳನೆಯ ದಿನದೊಳಗೆ ಕೊಕ್ಕರೆ ರೋಗದ ಲಸಿಕೆಯ ಒಂದು ಹನಿಯನ್ನು ಕಣ್ಣಿಗೆ ಹಾಕಿಸುವುದನ್ನು ಯಾರೂ ಮರೆಯಬಾರದು. ಈ ರೋಗವು ಬಂದ ಊರಿನಲ್ಲಿ ಮೂರು ವಾರಗಳ ಶ್ರಮವು ಮೂರು ದಿನಗಳಲ್ಲಿ ಮಣ್ಣುಪಾಲಾಗುತ್ತದೆ.

ಕಾವಿಗೆ ಬಿದ್ದ ಕೋಳಿಯು ಮನೆಯಲ್ಲಿದ್ದರೆ ಈ ತೊಡಕುಗಳು ಅರ್ಧಕ್ಕರ್ಧ ತೀರುತ್ತವೆ. ಅಂಥ ಕೋಳಿಯು ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆಂಬ ಕಾರಣಕ್ಕೆ ಅದರ ಮೂಗಿಗೆ ಗರಿ ಚುಚ್ಚಿ, ತಣ್ಣೀರಿನಲ್ಲಿ ಮುಳುಗಿಸಿ ಕಾವು ಬಿಡಿಸುವ ಪದ್ಧತಿಯೊಂದುಂಟು. ಅದು ಕ್ರೂರವಾದದ್ದು, ಪೆಟ್ಟಿಗೆಯಿರುವ ಮನೆಯಲ್ಲಿ ಅನವಶ್ಯಕವೂ ಹೌದು. ಅದರ ಕೆಳಗೆ ಕೆಲವು ಗೊಡ್ಡು ಮೊಟ್ಟೆಗಳನ್ನಿರಿಸಿ ಕೂರಲು ಬಿಟ್ಟು, ಪೆಟ್ಟಿಗೆಯ ಮರಿಗಳು ಒಣಗಿದ ದಿನ ಕತ್ತಲಾದ ಮೇಲೆ ಮೊಟ್ಟೆಗಳನ್ನು ತೆಗೆದು ಒಂದೊಂದೇ ಮರಿಯನ್ನು ರೆಕ್ಕೆಯಡಿಗೆ ಸರಿಸಬೇಕು. ಹಗಲಿನಲ್ಲಿ ಕುಕ್ಕಿ ಅಟ್ಟುವ ಕೋಳಿಯು ಕತ್ತಲೆಯಲ್ಲಿ ಒಪ್ಪಿಕೊಳ್ಳುತ್ತದೆ. ಬೆಳಕು ಹರಿದಾಗ ಹತ್ತಿರವೇ ನಿಂತು, ಯಾವುದನ್ನಾದರೂ ಕುಕ್ಕುತ್ತಿದೆಯೇ ಎಂದು ನೋಡಿ, ಕುಕ್ಕಿದರೆ ಆ ಮರಿಯನ್ನು ಬಲ್ಬಿನ ಕೆಳಗೆ ತಂದಿಡಬೇಕು. ಒಂದು ಕೋಳಿಯು ಹತ್ತು ಹನ್ನೆರಡು ಮೊಟ್ಟೆಗೆ ಮಾತ್ರ ಕಾವು ಕೊಡಬಲ್ಲುದಾದರೂ, ಮರಿಗಳನ್ನು ಹದಿನೈದರ ತನಕ ಸಾಕಬಲ್ಲುದು. ಹದ್ದು ಮೇಲೆ ಸುಳಿದಾಗ ಯಾವ ಕೂಗಿಗೆ ಓಡಬೇಕು, ತಿಪ್ಪೆಯಲ್ಲಿ ಯಾವ ಹುಳುವನ್ನು ಹೆಕ್ಕಬೇಕು ಎಂಬುದನ್ನು ಯಾವ ತಾಪನಿಯಂತ್ರಕವೂ ಕಲಿಸದು. ನಾಟಿ ಕೋಳಿಗಳನ್ನು ಬಯಲಿನಲ್ಲಿ ಬಿಟ್ಟು ಸಾಕುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾನು ಕಂಡಿಲ್ಲ.

ಹುಟ್ಟಿದವುಗಳಲ್ಲಿ ಅರ್ಧದಷ್ಟು ಹುಂಜಗಳಾಗಿರುತ್ತವೆಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟು, ಅವುಗಳ ಗತಿಯೇನೆಂದು ತೀರ್ಮಾನಿಸಿಕೊಂಡೇ ಮೊಟ್ಟೆಯನ್ನಿಡುವುದು ಜವಾಬ್ದಾರಿಯುಳ್ಳವರ ರೀತಿ. ಬೆಳೆದ ಹುಂಜಗಳಲ್ಲಿ ಅತ್ಯುತ್ತಮವಾದುದನ್ನು ಅದೇ ಮನೆಯ ಹೇಟೆಗಳಿಗೆ ಉಳಿಸಿಕೊಳ್ಳಬೇಕೆಂಬ ಆಸೆ ಯಾರಿಗಾದರೂ ಹುಟ್ಟುವುದು ಸಹಜವೇ. ಆದರೆ ಒಡಹುಟ್ಟಿದವುಗಳ ಕೂಡುವಿಕೆಯಿಂದ ಎರಡು ಮೂರು ತಲೆಮಾರುಗಳಲ್ಲೇ ಗೊಡ್ಡು ಮೊಟ್ಟೆಗಳೂ ಚಿಪ್ಪಿನೊಳಗೆ ಸಾಯುವ ಮರಿಗಳೂ ಹೆಚ್ಚುತ್ತವೆ. ಆ ಹುಂಜವನ್ನು ಬೇರೆ ಊರಿನವರಿಗೆ ಕೊಟ್ಟು, ಅವರಲ್ಲಿಯದನ್ನು ತಾವು ತಂದುಕೊಂಡು, ಅದು ಹಿಂಡಿನೊಡನೆ ಎರಡು ಮೂರು ವಾರ ಕಳೆದ ಮೇಲೆ ದೊರೆತ ಮೊಟ್ಟೆಗಳನ್ನೇ ಮುಂದಿನ ಸಲ ಪೆಟ್ಟಿಗೆಗೆ ಇಡತಕ್ಕದ್ದು.